ಗಣಿತ ಬಿಟ್ಟು ಜೀವವಿಜ್ಞಾನ ಓದಬಹುದೇ?

ಮೇ 18, 2025, ಭಾನುವಾರ

ಅಕ್ಕನ ಮಗಳು ಹತ್ತನೆಯ ತರಗತಿ ಮುಗಿಸಿದ್ದಾಳೆ. ಮುಂದಿನ ಎರಡು ವರ್ಷಕ್ಕೆ ನಾಲ್ಕು ವಿಷಯ ಆರಿಸಿ ಅರ್ಜಿ ತುಂಬಬೇಕು, ಗುರುವಾರ ಕೊನೆಯ ದಿನ. ಅವಳಿಗೆ ಜೀವವಿಜ್ಞಾನದಲ್ಲಿ ಪದವಿ ಮಾಡುವ ಆಸೆ, ಆದರೆ ಗಣಿತವೆಂದರೆ ಆಗದು. ಗಣಿತದ ಜಾಗಕ್ಕೆ ಮನಃಶಾಸ್ತ್ರ ತೆಗೆದುಕೊಳ್ಳುತ್ತೇನೆ ಎನ್ನುತ್ತಾಳೆ. ಭಾವನಿಗೆ ಕಂಪ್ಯೂಟರ್ ವಿಜ್ಞಾನ ಇರಲೇಬೇಕು. ಅಕ್ಕನಿಗೆ ಯಾವುದಾದರೂ ಸರಿ, ಮನೆಯಲ್ಲಿ ಜಗಳ ನಿಂತರೆ ಸಾಕು. ಕಾಲೇಜಿನ ಮೊದಲ ವರ್ಷದವರಿಗೆ ರಸಾಯನಶಾಸ್ತ್ರದ ಪ್ರಯೋಗ ಮಾಡಿಸುವವಳು ನಾನು ಎಂಬ ಒಂದೇ ಕಾರಣಕ್ಕೆ ಪಂಚಾಯಿತಿ ನನ್ನ ಬಳಿಗೆ ಬಂತು. ಮಧ್ಯಾಹ್ನ ಫೋನಿನಲ್ಲಿ ಶುರುವಾದ ಮಾತು ಕತ್ತಲಾದರೂ ಮುಗಿಯಲಿಲ್ಲ. ಆಡಿದ್ದನ್ನೂ ಆಡದೆ ಉಳಿದದ್ದನ್ನೂ ಇಲ್ಲಿ ಬರೆದಿಡುತ್ತೇನೆ. ಇದೇ ಪ್ರಶ್ನೆ ಹಿಡಿದು ಕೂತ ಮನೆಗಳು ಬೇರೆಯೂ ಇರುತ್ತವೆ.

ಅವಳ ವಾದ ಸರಳ. "ಚಿಕ್ಕಮ್ಮ, ನಾನು ಓದುವುದು ಗಿಡ, ಕೀಟ, ಸೂಕ್ಷ್ಮಜೀವಿಗಳ ಬಗ್ಗೆ. ಸೈನ್ ತೀಟಾ ಕಟ್ಟಿಕೊಂಡು ನಾನೇನು ಮಾಡಲಿ?"

ಸೈನ್ ತೀಟಾದ ಮಟ್ಟಿಗೆ ಅವಳ ಮಾತು ತಪ್ಪೇನಲ್ಲ. ಜೀವವಿಜ್ಞಾನದ ಪದವಿಯಲ್ಲಿ ತ್ರಿಕೋನಮಿತಿ ಎದುರಾಗುವುದು ಅಪರೂಪ. ಅಲ್ಲಿ ಹೆಜ್ಜೆ ಹೆಜ್ಜೆಗೂ ಎದುರಾಗುವುದು ಲಾಗರಿದಮ್, ಘಾತಾಂಕ, ಸಂಭವನೀಯತೆ, ನಕ್ಷೆಯ ರೇಖೆಯ ಇಳಿಜಾರು, ಬದಲಾವಣೆಯ ದರ. ಇವೆಲ್ಲ ಗಟ್ಟಿಯಾಗಿ ಬರುವುದು ಹತ್ತನೆಯ ತರಗತಿಯ ನಂತರವೇ. ಅಂದರೆ ತನಗೆ ಅಷ್ಟಾಗಿ ಬೇಡದ ಗಣಿತವನ್ನು ಅವಳು ಆಗಲೇ ಓದಿ ಮುಗಿಸಿದ್ದಾಳೆ. ಬೇಕಾದ ಗಣಿತ ಶುರುವಾಗುವ ಹೊತ್ತಿಗೆ ಸರಿಯಾಗಿ ಎದ್ದು ಹೋಗುತ್ತೇನೆ ಎನ್ನುತ್ತಿದ್ದಾಳೆ.

ಪ್ರಯೋಗಾಲಯದಲ್ಲಿ ನಾನು ಕಾಣುವುದೂ ಇದನ್ನೇ. ಬ್ಯುರೆಟ್ ಹಿಡಿಯುವುದು, ಪಿಪೆಟ್‌ನಲ್ಲಿ ಅಳೆಯುವುದು ಮಕ್ಕಳಿಗೆ ಬೇಗ ಬರುತ್ತದೆ. ದ್ರಾವಣದ ಬಣ್ಣ ತಿರುಗುವ ಕ್ಷಣವನ್ನೂ ಹಿಡಿಯುತ್ತಾರೆ. ಲೆಕ್ಕದ ಪುಟಕ್ಕೆ ಬಂದಾಗ ಅರ್ಧ ತರಗತಿ ಪಕ್ಕದವರ ಪುಸ್ತಕದ ಕಡೆ ಕತ್ತು ಚಾಚುತ್ತದೆ. ಅವರಿಗೆ ತಿಳಿಯದೆ ಹೋಗುವುದು ರಸಾಯನಶಾಸ್ತ್ರವಲ್ಲ. ಆಮ್ಲೀಯತೆ ಅಳೆಯುವ ಪಿಎಚ್ ಎಂದರೆ ಲಾಗರಿದಮ್ ಮಾಪಕ, ಒಂದು ಅಂಕಿ ಇಳಿದರೆ ಹತ್ತು ಪಟ್ಟು ಎಂದು ಬಾಯಿಪಾಠ ಇರುತ್ತದೆ, ಆದರೆ ಅದರ ಅರ್ಥ ಕೈಗೆ ಹತ್ತಿರುವುದಿಲ್ಲ. ಮನುಷ್ಯನ ರಕ್ತದ ಪಿಎಚ್ ಸುಮಾರು 7.4. ಅದು 7.1ಕ್ಕೆ ಇಳಿಯಿತು ಎಂದರೆ ಕೇಳುವವರಿಗೆ ಚಿಲ್ಲರೆ ವ್ಯತ್ಯಾಸ ಅನ್ನಿಸುತ್ತದೆ. ಲಾಗರಿದಮ್ ಬಲ್ಲವರಿಗೆ ಹೈಡ್ರೋಜನ್ ಅಯಾನುಗಳ ಪ್ರಮಾಣ ಹೆಚ್ಚುಕಡಿಮೆ ಇಮ್ಮಡಿಯಾದದ್ದು ಗೊತ್ತಾಗುತ್ತದೆ, ಅಂಥ ರೋಗಿಯ ಸ್ಥಿತಿ ಗಂಭೀರ ಎಂಬುದೂ ತಾನಾಗಿ ಹೊಳೆಯುತ್ತದೆ. ಇದು ರಸಾಯನಶಾಸ್ತ್ರವೋ, ಜೀವಶಾಸ್ತ್ರವೋ, ಗಣಿತವೋ? ಗೆರೆ ಎಳೆದು ತೋರಿಸಲು ನನಗಂತೂ ಆಗದು.

ಅವಳ ಪ್ರೀತಿಯ ಸೂಕ್ಷ್ಮಜೀವಿಗಳನ್ನೇ ತೆಗೆದುಕೊಂಡೆ. ಅನುಕೂಲವಾದ ಪರಿಸರದಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗುವ ಬ್ಯಾಕ್ಟೀರಿಯಾ ಒಂದೇ ಒಂದು ಇದೆ ಎಂದುಕೋ, ಏಳು ಗಂಟೆಯಲ್ಲಿ ಎಷ್ಟಾಗುತ್ತದೆ ಎಂದು ಕೇಳಿದೆ. "ಒಂದು ಸಾವಿರ?" ಎಂದಳು. ಇಪ್ಪತ್ತೊಂದು ಸಲ ಇಮ್ಮಡಿಯಾದರೆ 20,97,152. ಹತ್ತು ಗಂಟೆಗೆ 107 ಕೋಟಿ ದಾಟುತ್ತದೆ. ಆ ಕಡೆ ಕ್ಯಾಲ್ಕುಲೇಟರ್ ಒತ್ತುವ ಸದ್ದು ಕೇಳಿಸಿತು, ನನ್ನ ಮಾತಿನ ಮೇಲೆ ನಂಬಿಕೆ ಇರಲಿಲ್ಲವೆಂದು ಕಾಣುತ್ತದೆ. ಒಳ್ಳೆಯ ಲಕ್ಷಣವೇ.

ನನಗೆ ಬಹಳ ಇಷ್ಟವಾದ ಉದಾಹರಣೆಯನ್ನು ಆಮೇಲೆ ಹೇಳಿದೆ. ಹೆತ್ತವರ ಗುಣಗಳು ಮಕ್ಕಳಿಗೆ ಹೇಗೆ ಇಳಿದುಬರುತ್ತವೆ ಎಂದು ಹೇಳುವ ಮೆಂಡಲನ ನಿಯಮಗಳು 1900ರಲ್ಲಿ ಮತ್ತೆ ಬೆಳಕಿಗೆ ಬಂದ ಮೇಲೆ ಜೀವಶಾಸ್ತ್ರಜ್ಞರಿಗೆ ಒಂದು ಸಂದೇಹ ಅಂಟಿಕೊಂಡಿತ್ತು. ಪ್ರಬಲ ಗುಣ ಪ್ರಬಲವೇ ಆಗಿದ್ದರೆ ತಲೆಮಾರು ಕಳೆದಂತೆ ಅದು ಎಲ್ಲರಲ್ಲೂ ಹರಡಬೇಕಲ್ಲ, ಯಾಕೆ ಹಾಗಾಗುವುದಿಲ್ಲ? ಕೇಂಬ್ರಿಜ್‌ನ ತಳಿವಿಜ್ಞಾನಿ ಪನೆಟ್ ಈ ಪ್ರಶ್ನೆಯನ್ನು ತನ್ನ ಕ್ರಿಕೆಟ್ ಗೆಳೆಯನ ಮುಂದಿಟ್ಟ. ಆ ಗೆಳೆಯ ಗಣಿತಜ್ಞ ಜಿ. ಎಚ್. ಹಾರ್ಡಿ. ಶುದ್ಧ ಗಣಿತ ಬಿಟ್ಟು ಮಿಕ್ಕಿದ್ದಕ್ಕೆ ಹೆಚ್ಚು ಬೆಲೆ ಕೊಡದ ಮನುಷ್ಯ. ಅವನಿಗೆ ಅದು ಪ್ರಶ್ನೆ ಎಂದೇ ಅನ್ನಿಸಲಿಲ್ಲ. ಶಾಲೆಯಲ್ಲಿ ಕಲಿಯುವ ಎ ಪ್ಲಸ್ ಬಿ ಇಡಿಯ ವರ್ಗವನ್ನು ಬಿಡಿಸಿ, 1908ರಲ್ಲಿ ಒಂದು ಸಣ್ಣ ಪತ್ರವಾಗಿ ಪ್ರಕಟಿಸಿದ. ಹೊರಗಿನ ಒತ್ತಡವಿಲ್ಲದಿದ್ದರೆ ಪ್ರಬಲ ಗುಣದ ಜೀನೂ ಮಿಕ್ಕ ಜೀನೂ ಇರುವ ಪ್ರಮಾಣಗಳು ತಲೆಮಾರು ಕಳೆದರೂ ಬದಲಾಗುವುದೇ ಇಲ್ಲ ಎಂಬುದು ಅದರ ಸಾರ. ಜರ್ಮನಿಯ ವೈದ್ಯ ವೈನ್‌ಬರ್ಗ್ ಅದೇ ವರ್ಷ ತಾನಾಗಿಯೇ ಅದನ್ನು ಕಂಡುಕೊಂಡಿದ್ದ. ಇಂದು ಜೀವಶಾಸ್ತ್ರದ ಯಾವ ಪದವಿಯಲ್ಲೂ ಹಾರ್ಡಿ-ವೈನ್‌ಬರ್ಗ್ ತಪ್ಪಿಸಿಕೊಳ್ಳಲಾಗುವುದಿಲ್ಲ.

ಅದರಿಂದ ಏನಾಗುತ್ತದೆ ಎಂಬುದನ್ನೂ ತೋರಿಸಿದೆ. ತಾಯಿ ತಂದೆ ಇಬ್ಬರಿಂದಲೂ ದೋಷವಿರುವ ಜೀನ್ ಬಂದರೆ ಮಾತ್ರ ಕಾಣಿಸಿಕೊಳ್ಳುವ ಒಂದು ಕಾಯಿಲೆ ಹತ್ತು ಸಾವಿರಕ್ಕೊಬ್ಬರಲ್ಲಿ ಇದೆ ಎಂದಿಟ್ಟುಕೊಳ್ಳೋಣ. ಕಾಯಿಲೆ ಇಲ್ಲದೆ ಆ ಜೀನನ್ನು ಹೊತ್ತಿರುವ ವಾಹಕರು ಎಷ್ಟು ಮಂದಿ? ದೋಷದ ಜೀನ್ ಎರಡೂ ಕಡೆಯಿಂದ ಬರಬೇಕಾದ್ದರಿಂದ ಅದರ ಪಾಲು ಹತ್ತು ಸಾವಿರದಲ್ಲಿ ಒಂದು ಎಂಬುದರ ವರ್ಗಮೂಲ, ಅಂದರೆ ನೂರರಲ್ಲಿ ಒಂದು. ಅದನ್ನು ದೋಷವಿಲ್ಲದ ಜೀನಿನ ಪಾಲಾದ 0.99ರಿಂದ ಗುಣಿಸಿ, ದೋಷ ತಾಯಿಯಿಂದಲೋ ತಂದೆಯಿಂದಲೋ ಬರಬಹುದಾದ್ದರಿಂದ ಎರಡು ಪಟ್ಟು ಮಾಡಿದರೆ 0.0198. ಅಂದರೆ ಸುಮಾರು ಐವತ್ತಕ್ಕೊಬ್ಬರು! ಅಪರೂಪದ ಕಾಯಿಲೆಯ ಜೀನ್ ಅಷ್ಟೇನೂ ಅಪರೂಪವಲ್ಲ ಎಂಬ ಸಂಗತಿ ಯಾವ ಸೂಕ್ಷ್ಮದರ್ಶಕದಲ್ಲಿಯೂ ಕಾಣದು, ಕಾಗದದ ಮೇಲಿನ ಲೆಕ್ಕದಲ್ಲಿ ಕಾಣುತ್ತದೆ. ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ.

ಆಮೇಲೆ ಎದುರುವಾದ ಬಂತು. "ಫ್ಯಾರಡೆಗೆ ಗಣಿತ ಬರುತ್ತಿರಲಿಲ್ಲವಂತೆ. ಡಾರ್ವಿನ್‌ಗೂ ಅಷ್ಟಕ್ಕಷ್ಟೇ."

ಎರಡೂ ನಿಜ. ಫ್ಯಾರಡೆ 1831ರಲ್ಲಿ ವಿದ್ಯುತ್ಕಾಂತೀಯ ಪ್ರೇರಣೆಯನ್ನು, ಅಂದರೆ ಕಾಂತದಿಂದ ವಿದ್ಯುತ್ ಹುಟ್ಟುವುದನ್ನು, ತೋರಿಸಿಕೊಟ್ಟದ್ದು ಸಮೀಕರಣಗಳ ನೆರವಿಲ್ಲದೆ. ಆದರೆ ಅವನ ಬಲರೇಖೆಗಳನ್ನು ಸಮೀಕರಣವಾಗಿಸಲು ಮುಂದೆ ಒಬ್ಬ ಮ್ಯಾಕ್ಸ್‌ವೆಲ್ ಬರಬೇಕಾಯಿತು. ಅಲ್ಲದೆ ಫ್ಯಾರಡೆ ಯಾವ ಪದವಿಗೂ ಪ್ರವೇಶದ ಅರ್ಜಿ ಹಾಕಿದವನಲ್ಲ. ಡಾರ್ವಿನ್‌ನಂತೂ ಗಣಿತದ ಮೂಲತತ್ತ್ವಗಳನ್ನಾದರೂ ತಿಳಿಯುವಷ್ಟು ಮುಂದುವರಿಯಲಿಲ್ಲವಲ್ಲ ಎಂದು ಆತ್ಮಕಥನದಲ್ಲಿ ಹಳಹಳಿಸಿದ್ದಾನೆ. ಬೀಜಗಣಿತದ ಮೊದಲ ಪಾಠಗಳಲ್ಲಿ ಅರ್ಥವೇ ಕಾಣದೆ ಬೇಸರವಾಗಿ ಬಿಟ್ಟನಂತೆ. ಅದೇ ಕಾಲದಲ್ಲಿ ಇನ್ನೊಂದೆಡೆ ಬಟಾಣಿ ಬಿಡಿಸುತ್ತಿದ್ದ ಮೆಂಡಲ್, 1851ರಿಂದ 1853ರವರೆಗೆ ವಿಯೆನ್ನಾ ವಿಶ್ವವಿದ್ಯಾಲಯದಲ್ಲಿ ಡಾಪ್ಲರ್‌ನ ಬಳಿ ಭೌತಶಾಸ್ತ್ರ ಕಲಿತು ಬಂದವನು. 5,474 ದುಂಡು ಬೀಜ, 1,850 ಸುಕ್ಕು ಬೀಜ ಎಂದು ಎಣಿಸಿ, ಅದರಲ್ಲಿ ಮೂರಕ್ಕೆ ಒಂದರ ಅನುಪಾತ ಕಾಣಲು ಎಣಿಕೆಯ ಕಣ್ಣು ಬೇಕಿತ್ತು. ಎಣಿಸುವುದು ಯಾರಿಗೂ ಬರುತ್ತದೆ. ಅನುಪಾತದ ಹಿಂದೆ ಒಂದು ನಿಯಮ ಇರಬೇಕೆಂದು ಶಂಕಿಸುವುದಕ್ಕೆ ಬೇರೆಯೇ ತರಬೇತಿ ಬೇಕು.

ಈಗ ನನ್ನ ನಿಲುವು. ವಿಷಯ ಆರಿಸುವಾಗ ಎಲ್ಲರೂ ಕೇಳುವುದು "ಯಾವುದು ಇಷ್ಟ, ಯಾವುದರಲ್ಲಿ ಅಂಕ ಬರುತ್ತದೆ" ಎಂದು. ನಾನು ಕೇಳುವುದು ಇಷ್ಟೇ: ಈಗ ಬಿಟ್ಟರೆ ಮುಂದೆ ಒಬ್ಬರೇ ಕೂತು ಕಲಿಯಲು ಯಾವುದು ಅತಿ ಕಷ್ಟ? ಜೀವಶಾಸ್ತ್ರದಲ್ಲಿ ಪದಗಳು ಸಾವಿರಾರು ಇದ್ದರೂ ಒಂದು ಅಧ್ಯಾಯ ತಿಳಿಯದಿದ್ದರೆ ಇನ್ನೊಂದನ್ನು ಓದಬಹುದು. ಗಣಿತದಲ್ಲಿ ಅದು ನಡೆಯದು. ಅದು ಗೋಡೆ ಕಟ್ಟಿದ ಹಾಗೆ, ಕೆಳಗಿನ ಸಾಲು ಇಲ್ಲದೆ ಮೇಲಿನದು ಕೂರುವುದಿಲ್ಲ. ಹೀಗಾಗಿ ಭೌತಶಾಸ್ತ್ರದಿಂದ ಜೀವಶಾಸ್ತ್ರಕ್ಕೆ ಬಂದವರು ಬೇಕಾದಷ್ಟು ಮಂದಿ ಸಿಗುತ್ತಾರೆ, ಜೀವಶಾಸ್ತ್ರದಿಂದ ಭೌತಶಾಸ್ತ್ರಕ್ಕೆ ಹೋದವರನ್ನು ಹುಡುಕಬೇಕಾಗುತ್ತದೆ. ವೆಂಕಟರಾಮನ್ ರಾಮಕೃಷ್ಣನ್ ಪದವಿ ಪಡೆದದ್ದು ಭೌತಶಾಸ್ತ್ರದಲ್ಲಿ, ಪಿಎಚ್‌.ಡಿ. ಮಾಡಿದ್ದೂ ಭೌತಶಾಸ್ತ್ರದಲ್ಲಿಯೇ. ಅದಾದ ಮೇಲೆ ಮತ್ತೆ ವಿದ್ಯಾರ್ಥಿಯಾಗಿ ಜೀವಶಾಸ್ತ್ರದ ತರಗತಿಯಲ್ಲಿ ಕೂತರು. 2009ರಲ್ಲಿ ನೊಬೆಲ್ ಬಂದದ್ದು ಜೀವಕೋಶದಲ್ಲಿ ಪ್ರೋಟೀನ್ ಕಟ್ಟುವ ರೈಬೋಸೋಮಿನ ರಚನೆಯ ಅಧ್ಯಯನಕ್ಕಾಗಿ, ಅದೂ ರಸಾಯನಶಾಸ್ತ್ರದ ವಿಭಾಗದಲ್ಲಿ. ನೊಬೆಲ್ ಸಮಿತಿಗೇ ವಿಷಯಗಳ ಗಡಿ ಇಷ್ಟು ಸಡಿಲ. ಹದಿನಾರರ ಹುಡುಗಿ ಮಾತ್ರ ನಾಲ್ಕು ಖಾನೆಗಳಲ್ಲಿ ಬದುಕನ್ನು ತುಂಬಬೇಕು.

ವೈದ್ಯಕೀಯಕ್ಕೆ ಹೋಗುವವರಿಗೆ ಈ ಮಾತು ಹೊಂದುವುದಿಲ್ಲ. ಅಲ್ಲಿ ಶಾಲೆಯಲ್ಲಿ ಯಾವ ವಿಷಯ ಓದಿರಬೇಕು ಎಂಬ ನಿಯಮವೇ ಮೊದಲು, ತತ್ತ್ವವೆಲ್ಲ ಆಮೇಲೆ.

ಭೌತಶಾಸ್ತ್ರ ಬಿಡಬಹುದೇ ಎಂದೂ ಕೇಳಿದಳು. ನಾನು ಅವಳಿಗೆ ತಿರುಗಿ ಕೇಳಿದೆ: ಅಮೀಬಕ್ಕೆ ಹೃದಯ ಯಾಕಿಲ್ಲ? ನೀರಿನಲ್ಲಿ ಆಮ್ಲಜನಕ ತಾನಾಗಿ ವಿಸರಣೆಗೊಂಡು ಹರಡುವಾಗ ದೂರ ಹತ್ತು ಪಟ್ಟಾದರೆ ಸಮಯ ನೂರು ಪಟ್ಟಾಗುತ್ತದೆ. ಒಂದು ಜೀವಕೋಶದ ಅಗಲದಷ್ಟು, ಅಂದರೆ ಹತ್ತು ಮೈಕ್ರೋಮೀಟರ್ ದಾಟಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಒಂದು ಸೆಂಟಿಮೀಟರ್ ದಾಟಲು ಗಂಟೆಗಟ್ಟಲೆ ಬೇಕು. ದಪ್ಪ ಮೈಯ ಪ್ರಾಣಿ ವಿಸರಣೆಯನ್ನೇ ನೆಚ್ಚಿ ಕೂತರೆ ಒಳಗಿನ ಕೋಶಗಳು ಉಸಿರುಗಟ್ಟಿ ಸಾಯುತ್ತವೆ. ಹೃದಯ, ರಕ್ತನಾಳ, ಕಿವಿರು, ಶ್ವಾಸಕೋಶ ಎಲ್ಲವೂ ಈ ಒಂದು ವರ್ಗದ ಲೆಕ್ಕಕ್ಕೆ ಜೀವಿಗಳು ಕಂಡುಕೊಂಡ ಉತ್ತರ. ಜೀವಶಾಸ್ತ್ರದ ಪುಸ್ತಕ ಹೃದಯದಲ್ಲಿ ಎಷ್ಟು ಕೋಣೆಗಳಿವೆ ಎಂದು ಹೇಳುತ್ತದೆ, ಅದು ಇರಲೇಬೇಕಾದ ಕಾರಣ ಭೌತಶಾಸ್ತ್ರದಲ್ಲಿದೆ.

ಅಂಕಗಳ ಭಯವನ್ನು ನಾನು ತಳ್ಳಿಹಾಕಲಿಲ್ಲ. ಗಣಿತದಲ್ಲಿ ಕಡಿಮೆ ಬಂದರೆ ಒಟ್ಟು ಶೇಕಡಾವಾರು ಇಳಿಯುತ್ತದೆ, ಬಯಸಿದ ಕಾಲೇಜು ಕೈತಪ್ಪಬಹುದು. ಗಣಿತ ಬಿಟ್ಟ ಮಗುವಿಗೆ ಹೆಚ್ಚು ಅಂಕ ಬಂದು, ಗಣಿತ ಓದಿದ ಮಗು ಪಟ್ಟಿಯಿಂದ ಹೊರಗುಳಿಯುವ ಅನ್ಯಾಯವೂ ಆಗುತ್ತದೆ. ಇದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಆದರೆ ಅವಳು ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ತೆಗೆದ ಅಂಕ ಹೆದರುವಂಥದ್ದಲ್ಲ. ಬರುತ್ತದೆ, ಇಷ್ಟವಿಲ್ಲ, ಅಷ್ಟೇ. ಇಷ್ಟವಿಲ್ಲ ಎಂಬುದನ್ನು ಬರುವುದಿಲ್ಲ ಎಂದು ಹೇಳುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ.

ಹಾಗಾದರೆ ಪಟ್ಟಿ: ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ. ಇದರಲ್ಲಿ ಅವಳ ಮನಃಶಾಸ್ತ್ರವೂ ಇಲ್ಲ, ಭಾವನ ಕಂಪ್ಯೂಟರೂ ಇಲ್ಲ. ಇಬ್ಬರೂ ಸಮನಾಗಿ ಮುನಿಸಿಕೊಂಡರು. ಭಾವನಿಗೆ ಹೇಳಿದೆ: ಪ್ರೋಗ್ರಾಮಿಂಗನ್ನು ಪದವಿಯಲ್ಲಿ ಸಾಮಾನ್ಯವಾಗಿ ಮೊದಲಿನಿಂದಲೇ ಕಲಿಸುತ್ತಾರೆ, ರಜೆಯಲ್ಲಿ ಮನೆಯಲ್ಲೇ ಕೂತು ಕಲಿಯುವವರೂ ಉಂಟು. ಮನೆಯಲ್ಲಿ ಕೂತು ಕ್ಯಾಲ್ಕುಲಸ್ ಕಲಿತವರನ್ನು ನೀವು ಎಷ್ಟು ಜನರನ್ನು ನೋಡಿದ್ದೀರಿ? ಕಂಪ್ಯೂಟರ್ ಬಿಟ್ಟು ಸಂಖ್ಯಾಶಾಸ್ತ್ರ ಎಂದಿದ್ದರೆ ನಾನು ಇಷ್ಟು ವಾದಿಸುತ್ತಿರಲಿಲ್ಲ. ಗಣಿತ ಓದಿ ಬಂದ ಆರ್. ಎ. ಫಿಶರ್ 1919ರಲ್ಲಿ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಸೇರಿ, ಹೊಲದ ಪ್ರಯೋಗಗಳ ಅಂಕಿ ಅಂಶಗಳ ನಡುವೆಯೇ ಸಂಖ್ಯಾಶಾಸ್ತ್ರದ ದೊಡ್ಡ ಭಾಗವನ್ನು ಕಟ್ಟಿದ. ಗೊಬ್ಬರ ಹಾಕಿದ್ದರಿಂದ ಬೆಳೆ ಹೆಚ್ಚಿತೋ, ಆ ಪಾತಿಯ ಮಣ್ಣೇ ಚೆನ್ನಾಗಿತ್ತೋ ಎಂದು ಬೇರ್ಪಡಿಸುವ ವಿದ್ಯೆ ಅದು. ಗಿಡ ಇಷ್ಟಪಡುವವಳಿಗೆ ಅದಕ್ಕಿಂತ ಹತ್ತಿರದ ಗಣಿತ ಯಾವುದಿದೆ? ಆದರೆ ಅವಳ ಶಾಲೆಯಲ್ಲಿ ಅದಿಲ್ಲ.

"ನಾಲ್ಕೂ ಭಾರವಾದರೆ? ಒಂದನ್ನು ಬಿಡಲೇಬೇಕಾಗಿ ಬಂದರೆ?" ಎಂದಳು. ಪ್ರವೇಶದ ನಿಯಮ ಒಪ್ಪುವುದಾದರೆ ಜೀವಶಾಸ್ತ್ರ ಬಿಡು ಎಂದೆ. ಅಕ್ಕ ಹಿಂದಿನಿಂದ "ಏನೇ ಇದು, ಜೀವಶಾಸ್ತ್ರ ಓದಲು ಜೀವಶಾಸ್ತ್ರವನ್ನೇ ಬಿಡುವುದೇ!" ಎಂದು ಕೂಗಿದಳು. ಕೇಳಲು ವಿಚಿತ್ರವಾಗಿದೆ, ಆದರೆ ನಾನು ಮಾತು ಬದಲಿಸುವುದಿಲ್ಲ. ಅನೇಕ ಪದವಿಗಳಲ್ಲಿ ಜೀವಶಾಸ್ತ್ರವನ್ನು ಕೋಶದಿಂದ ಮತ್ತೆ ಆರಂಭಿಸುತ್ತಾರೆ, ಗಣಿತವನ್ನು ಮಾತ್ರ ನಿಮಗೆ ಗೊತ್ತಿದೆ ಎಂದೇ ಮುಂದೆ ಹೋಗುತ್ತಾರೆ. ಕೆಲವು ಕಡೆ ಜೀವಶಾಸ್ತ್ರ ಓದಿರಲೇಬೇಕೆಂಬ ನಿಯಮವಿರುವುದರಿಂದ ಇದನ್ನು ಕಣ್ಣು ಮುಚ್ಚಿ ಪಾಲಿಸುವಂತಿಲ್ಲ.

ಅದಕ್ಕೇ ಅವಳಿಗೊಂದು ಕೆಲಸ ಕೊಟ್ಟಿದ್ದೇನೆ. ಸೇರಲು ಬಯಸುವ ಮೂರು ಪದವಿಗಳ ಪ್ರವೇಶ ನಿಯಮವನ್ನೂ ಮೊದಲ ವರ್ಷದ ಪಠ್ಯಕ್ರಮವನ್ನೂ ಹುಡುಕಿ, ತಾನೇ ಓದಿ, ಅಲ್ಲಿ ಯಾವುದನ್ನು ಮೊದಲಿನಿಂದ ಕಲಿಸುತ್ತಾರೆ, ಯಾವುದು ಗೊತ್ತಿದೆ ಎಂದು ಭಾವಿಸಿಕೊಂಡಿದ್ದಾರೆ ಎಂದು ಗುರುತು ಹಾಕಬೇಕು. ಗೆಳತಿ ಏನು ತೆಗೆದುಕೊಂಡಳು, ಯಾವ ಮೇಷ್ಟ್ರು ಚೆನ್ನಾಗಿ ಪಾಠ ಮಾಡುತ್ತಾರೆ ಎಂಬುದಕ್ಕಿಂತ ಆ ಕಾಗದಗಳಿಗೆ ಹೆಚ್ಚು ಬೆಲೆ ಕೊಡಬೇಕು.

ರಾತ್ರಿ ಊಟವಾದ ಮೇಲೆ ಮೊದಲನೆಯದನ್ನು ಕಳುಹಿಸಿದಳು. ಮೊದಲ ಸೆಮಿಸ್ಟರಿನ ಪಟ್ಟಿಯಲ್ಲಿ "ಜೀವವಿಜ್ಞಾನಿಗಳಿಗೆ ಗಣಿತ" ಎಂಬ ಪತ್ರಿಕೆ, ಅದರ ಸುತ್ತ ಅವಳೇ ಎಳೆದ ಕೆಂಪು ಗೆರೆ, ಪಕ್ಕದಲ್ಲಿ ಒಂದು ಕೋಪದ ಮುಖ. ಉಳಿದ ಎರಡನ್ನು ಮಂಗಳವಾರ ಸಂಜೆ ಒಟ್ಟಿಗೆ ಕೂತು ಓದುತ್ತೇವೆ. ಭಾವನಿಗೂ ಬರಲು ಹೇಳಿದ್ದೇನೆ, ಕಂಪ್ಯೂಟರ್ ವಿಷಯ ಅವರಿನ್ನೂ ಬಿಟ್ಟಿಲ್ಲ.