ಟರ್ಬೈನ್ ಹಾಲಿನಲ್ಲಿ, ಮುಗಿದುಹೋದ ಪ್ರದರ್ಶನಗಳ ಬೆನ್ನುಹತ್ತಿ

ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯಕ್ಕೆ ಹೋಗುವವರು ಸಾಮಾನ್ಯವಾಗಿ ಅಲ್ಲಿ ಆಗ ನಡೆಯುತ್ತಿರುವ ಪ್ರದರ್ಶನ ನೋಡಲು ಹೋಗುತ್ತಾರೆ. ನಾನು ಹೋದದ್ದು ಮುಗಿದುಹೋದ ಪ್ರದರ್ಶನಗಳ ಗುರುತು ಹುಡುಕಲು. ಸೇಂಟ್ ಪಾಲ್ಸ್ ಕೆಥೆಡ್ರಲ್ ಕಡೆಯಿಂದ ಮಿಲೆನಿಯಂ ಸೇತುವೆಯ ಮೇಲೆ ಥೇಮ್ಸ್ ನದಿಯನ್ನು ದಾಟುವಾಗ 99 ಮೀಟರ್ ಎತ್ತರದ ಚಿಮಣಿಯುಳ್ಳ ಇಟ್ಟಿಗೆಯ ಕಟ್ಟಡವೊಂದು ನೇರ ಎದುರಿಗೇ ಕಾಣುತ್ತದೆ. ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ವಿನ್ಯಾಸಗೊಳಿಸಿದ್ದ ಬ್ಯಾಂಕ್‌ಸೈಡ್ ವಿದ್ಯುತ್ ಸ್ಥಾವರವಿದು. 1981ರಲ್ಲಿ ಕೆಲಸ ನಿಲ್ಲಿಸಿದ ಈ ಸ್ಥಾವರವನ್ನು ಸ್ವಿಟ್ಜರ್ಲೆಂಡಿನ ಹೆರ್ಜೋಗ್ ಮತ್ತು ಡಿ ಮ್ಯೂರಾನ್ ಎಂಬ ವಾಸ್ತುಶಿಲ್ಪಿಗಳು ಕಲಾ ಸಂಗ್ರಹಾಲಯವಾಗಿ ಮಾರ್ಪಡಿಸಿದರು; 2000ದ ಮೇ ತಿಂಗಳಿನಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು.

ನದಿಯ ಕಡೆಯ ಬಾಗಿಲನ್ನು ಬಿಟ್ಟು, ಕಟ್ಟಡವನ್ನು ಬಳಸಿಕೊಂಡು ಪಶ್ಚಿಮದ ಬಾಗಿಲಿನಿಂದ ಒಳಗೆ ಹೋಗುವುದು ಒಳ್ಳೆಯದು. ಅಲ್ಲಿಂದ ಇಳಿಜಾರೊಂದು ನೇರವಾಗಿ, ಹಿಂದೆ ಸ್ಥಾವರದ ಯಂತ್ರಗಳಿದ್ದ ಟರ್ಬೈನ್ ಹಾಲಿಗೆ ಇಳಿಯುತ್ತದೆ. ಸುಮಾರು 155 ಮೀಟರ್ ಉದ್ದ, 35 ಮೀಟರ್ ಎತ್ತರದ ಈ ಹಾಲಿಗಾಗಿಯೇ ಒಬ್ಬೊಬ್ಬ ಕಲಾವಿದರಿಂದ ಹೊಸ ಕೃತಿಯೊಂದನ್ನು ಮಾಡಿಸಿ, ಕೆಲವು ತಿಂಗಳು ಇಟ್ಟು, ಆಮೇಲೆ ತೆಗೆದುಬಿಡುವುದು ಮೊದಲಿನಿಂದ ನಡೆದುಬಂದ ಕ್ರಮ. ನಾನು ಹೋದದ್ದು ಒಂದು ಕೃತಿ ಹೊರಟುಹೋಗಿ ಮುಂದಿನದು ಇನ್ನೂ ಬಾರದ ಬೇಸಿಗೆಯಲ್ಲಿ. ಟರ್ಬೈನ್ ಹಾಲ್ ಖಾಲಿಯಿತ್ತು; ಇಳಿಜಾರಿನಲ್ಲಿ ಮಕ್ಕಳು ಉರುಳಾಡುತ್ತಿದ್ದರು.

ಖಾಲಿ ಹಾಲಿನಲ್ಲಿ ನೆಲ ಚೆನ್ನಾಗಿ ಕಾಣುತ್ತದೆ. ಕೊಲಂಬಿಯಾದ ಡೋರಿಸ್ ಸಾಲ್ಸೆಡೊ 2007ರಲ್ಲಿ ಇಲ್ಲಿ ಏನನ್ನೂ ನಿಲ್ಲಿಸಲಿಲ್ಲ, ಏನನ್ನೂ ತೂಗುಹಾಕಲಿಲ್ಲ, ಕಾಂಕ್ರೀಟಿನಲ್ಲಿ ಒಂದು ಬಿರುಕು ಮೂಡಿಸಿದರು. ಬಾಗಿಲ ಬಳಿ ಕೂದಲೆಳೆಯಷ್ಟು ಸಣ್ಣದಾಗಿ ಶುರುವಾಗಿ, ಮುಂದೆ ಹೋದಂತೆ ಅಗಲವಾಗುತ್ತ, ಕವಲೊಡೆಯುತ್ತ 167 ಮೀಟರ್ ಸಾಗಿದ ಬಿರುಕು ಅದು. ಸೊಟ್ಟಪಟ್ಟವಾಗಿ ಹರಿದಿದ್ದರಿಂದ ಹಾಲಿಗಿಂತಲೂ ಉದ್ದವಾಗಿತ್ತು. ಒಳಬದಿಯ ಗೋಡೆಗಳಲ್ಲಿ ತಂತಿ ಬಲೆಯನ್ನು ಹುದುಗಿಸಲಾಗಿತ್ತು. ವಲಸೆ ಬಂದವರನ್ನು ಯುರೋಪು ಹೊರಗಿಡುವ ಬಗೆಯನ್ನು, ಜನಾಂಗಭೇದದ ಕಂದಕವನ್ನು ತೋರಿಸುವುದು ಕಲಾವಿದೆಯ ಉದ್ದೇಶವಾಗಿತ್ತು. ಕೆಲವರು ಎಡವಿ ಬಿದ್ದು ಸಣ್ಣಪುಟ್ಟ ಪೆಟ್ಟು ಮಾಡಿಕೊಂಡದ್ದೂ ಉಂಟು. 2008ರಲ್ಲಿ ಬಿರುಕನ್ನು ತುಂಬಿಸಿದರು, ಆದರೆ ತುಂಬಿಸಿದ ಕಾಂಕ್ರೀಟಿನ ಬಣ್ಣ ಹಳೆಯದರೊಂದಿಗೆ ಬೆರೆಯಲಿಲ್ಲ. ಮೊಣಕಾಲೂರಿ ನೋಡಿದಾಗ ಬೂದು ನೆಲದ ಮೇಲೆ ಹೊಲಿಗೆ ಹಾಕಿದ ಗಾಯದ ಕಲೆಯಂತೆ ಆ ಗೆರೆ ಸ್ಪಷ್ಟವಾಗಿ ಕಂಡಿತು. ಒಂದೆಡೆ ಅದರ ಅಂಚಿನಲ್ಲಿ ಯಾರದೋ ಚೂಯಿಂಗ್ ಗಮ್ ಅಂಟಿತ್ತು. ಅಲ್ಲಿ ಫಲಕವಿಲ್ಲ, ಹಗ್ಗದ ಬೇಲಿಯೂ ಇಲ್ಲ. ಈ ಹಾಲಿನಲ್ಲಿ ಆಗಿಹೋದ ಕೃತಿಗಳಲ್ಲೆಲ್ಲ ಇದೇ ಶ್ರೇಷ್ಠವೆಂದು ನನ್ನ ಅಭಿಪ್ರಾಯ. ತೆಗೆದುಹಾಕಿದರೂ ಪೂರ್ತಿ ಹೋಗದಿರುವುದು ಅದರ ಅರ್ಥಕ್ಕೇ ಸೇರಿದ್ದು.

ಉಳಿದವು ಇಂಥ ಗುರುತು ಬಿಟ್ಟಿಲ್ಲ. 2003ರ ಚಳಿಗಾಲದಲ್ಲಿ ಓಲಾಫರ್ ಎಲಿಯಾಸನ್ ಹಾಲಿನ ಕೊನೆಯಲ್ಲಿ ಸೂರ್ಯನನ್ನು ಮೂಡಿಸಿದ್ದರು. ಅಲ್ಲಿ ವಾಸ್ತವವಾಗಿ ಇದ್ದದ್ದು ಅರ್ಧವೃತ್ತ ಮಾತ್ರ. ಚಾವಣಿಗೆ ಹಾಸಿದ್ದ ಕನ್ನಡಿಯಲ್ಲಿ ಅದರ ಬಿಂಬ ಸೇರಿ ಪೂರ್ಣ ಸೂರ್ಯನಾಗುತ್ತಿತ್ತು. ಎಲ್‌ಇಡಿ ಬರುವ ಮೊದಲು ನಮ್ಮ ರಸ್ತೆಗಳಲ್ಲೂ ಉರಿಯುತ್ತಿದ್ದ ಸೋಡಿಯಂ ದೀಪಗಳ ಬಗೆಯ ಬೆಳಕಾದ್ದರಿಂದ ಅಲ್ಲಿ ಹಳದಿ ಮತ್ತು ಕಪ್ಪಿನ ಹೊರತು ಬೇರೆ ಬಣ್ಣವೇ ಕಾಣುತ್ತಿರಲಿಲ್ಲ. ಜನ ನೆಲದ ಮೇಲೆ ಅಂಗಾತ ಮಲಗಿ, ಮೇಲಿನ ಕನ್ನಡಿಯಲ್ಲಿ ತಮ್ಮನ್ನೇ ಹುಡುಕಿಕೊಳ್ಳುತ್ತಿದ್ದರು. 20 ಲಕ್ಷಕ್ಕೂ ಹೆಚ್ಚು ಮಂದಿ ಅದನ್ನು ನೋಡಿದರು.

2010ರಲ್ಲಿ ಚೀನಾದ ಐ ವೈವೈ ಹತ್ತು ಕೋಟಿ ಸೂರ್ಯಕಾಂತಿ ಬೀಜಗಳನ್ನು ಇಲ್ಲಿ ಹಾಸಿದರು. ಎಲ್ಲವೂ ಪಿಂಗಾಣಿಯವು, ಜಿಂಗ್‌ಡೆಝೆನ್ ಎಂಬ ಪಿಂಗಾಣಿಯ ಊರಿನಲ್ಲಿ ಸುಮಾರು 1,600 ಮಂದಿ ಕುಶಲಕರ್ಮಿಗಳು ಒಂದೊಂದಕ್ಕೂ ಕೈಯಿಂದ ಬಣ್ಣ ಬಳಿದಿದ್ದರು. ಬೀಜಗಳ ಮೇಲೆ ಜನ ನಡೆದಾಡಲಿ ಎಂಬುದು ಮೂಲ ಯೋಜನೆ. ಆದರೆ ತುಳಿದಾಗ ಏಳುವ ಪಿಂಗಾಣಿ ಧೂಳು ಶ್ವಾಸಕೋಶಕ್ಕೆ ಹಾನಿಕರವೆಂದು ತೆರೆದ ಕೆಲವೇ ದಿನಗಳಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಹಾಗಾದರೆ ಅವನ್ನು ಮಾಡಿದವರ ಶ್ವಾಸಕೋಶದ ಗತಿಯೇನು ಎಂಬ ಪ್ರಶ್ನೆ ಅಲ್ಲಿ ನಿಂತಾಗ ನನ್ನನ್ನು ಕಾಡದಿರಲಿಲ್ಲ. ಪ್ರದರ್ಶನ ನಡೆಯುತ್ತಿರುವಾಗಲೇ, 2011ರ ಏಪ್ರಿಲಿನಲ್ಲಿ, ಚೀನಾ ಸರ್ಕಾರ ಕಲಾವಿದನನ್ನು ಬಂಧಿಸಿತು. ಆತನ ಬಿಡುಗಡೆಗೆ ಒತ್ತಾಯಿಸುವ ದಪ್ಪಕ್ಷರಗಳು ಈ ಕಟ್ಟಡದ ನೆತ್ತಿಯ ಮೇಲೆ ಬಂದವು.

ಮೇಲಿನ ಮಹಡಿಗಳಲ್ಲಿ ನಮ್ಮ ದೇಶದ ನಂಟೂ ಇದೆ. ಚಿತ್ರಕಲಾವಿದ ಭೂಪೇನ್ ಖಖ್ಖರ್ ಅವರ ದೊಡ್ಡ ಪ್ರದರ್ಶನ 2016ರಲ್ಲಿ ಇಲ್ಲಿಯೇ ನಡೆಯಿತು. ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಶೀಲಾ ಗೌಡ ಅವರ 2009ರ ಕೃತಿಯೊಂದು ಟೇಟ್ ಸಂಗ್ರಹದಲ್ಲಿದೆ: ಮನುಷ್ಯರ ತಲೆಗೂದಲಿನಿಂದ ಹೊಸೆದ, ಕಿಲೋಮೀಟರುಗಟ್ಟಲೆ ಉದ್ದದ ಹಗ್ಗದಲ್ಲಿ ಕಾರಿನ ಬಂಪರುಗಳನ್ನು ತೂಗುಹಾಕಿದ ಕೃತಿ ಅದು. ದೇವರಿಗೆ ಮುಡಿ ಕೊಡುವುದನ್ನೂ, ಕೆಟ್ಟ ದೃಷ್ಟಿ ತಾಕದಿರಲೆಂದು ವಾಹನಗಳಿಗೆ ಕೂದಲ ಹಗ್ಗ ಕಟ್ಟುವುದನ್ನೂ ಕಂಡು ಬೆಳೆದ ನಮಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ವಿಚಾರಿಸಿದಾಗ, ಸಿಬ್ಬಂದಿಯ ಮಹಿಳೆಯೊಬ್ಬರು ಫೋನಿನಲ್ಲಿ ಹುಡುಕಿ, ಅದು ಸದ್ಯ ಪ್ರದರ್ಶನದಲ್ಲಿಲ್ಲವೆಂದು ಬೇಸರದಿಂದಲೇ ತಿಳಿಸಿದರು.

ಮರುದಿನ ಬಕಿಂಗ್‌ಹ್ಯಾಮ್ ಅರಮನೆಯ ಮುಂದಿನ ವಿಕ್ಟೋರಿಯಾ ಸ್ಮಾರಕಕ್ಕೆ ಹೋದದ್ದೂ ಟೇಟ್‌ನ ಸಲುವಾಗಿಯೇ. ಅಮೆರಿಕದ ಕಾರಾ ವಾಕರ್ 2019ರಲ್ಲಿ ಟರ್ಬೈನ್ ಹಾಲಿನಲ್ಲಿ ಕಟ್ಟಿದ 13 ಮೀಟರ್ ಎತ್ತರದ ಕಾರಂಜಿಗೆ ಈ ಸ್ಮಾರಕವೇ ಪ್ರೇರಣೆ. ಪ್ರದರ್ಶನ ಮುಗಿದ ಮೇಲೆ ಕಾರಂಜಿಯನ್ನು ಕಳಚಿಹಾಕಿದ್ದರಿಂದ, ಫೋನಿನಲ್ಲಿ ಅದರ ಚಿತ್ರವನ್ನಿಟ್ಟುಕೊಂಡು ಸ್ಮಾರಕದ ಸುತ್ತ ನಡೆದು ಹೋಲಿಸಿದೆ. ಇಲ್ಲಿ ತುದಿಯಲ್ಲಿ ಚಿನ್ನದ ಲೇಪನದ, ರೆಕ್ಕೆಗಳುಳ್ಳ ವಿಜಯದೇವತೆ. ಅಲ್ಲಿ ಎದೆಯಿಂದಲೂ ಸೀಳಿದ ಕೊರಳಿನಿಂದಲೂ ನೀರು ಚಿಮ್ಮುವ ಕಪ್ಪು ಹೆಣ್ಣು. ಇಲ್ಲಿ ಸಾಮ್ರಾಜ್ಯದ ಕಡಲ ಬಲವನ್ನು ಸಾರುವ ಮತ್ಸ್ಯಕನ್ಯೆಯರು. ಅಲ್ಲಿ ಆಫ್ರಿಕಾದಿಂದ ಗುಲಾಮರನ್ನು ಸಾಗಿಸಿದ ಅಟ್ಲಾಂಟಿಕ್ ಸಾಗರದ ಶಾರ್ಕ್‌ಗಳು. 1911ರಲ್ಲಿ ಅನಾವರಣಗೊಂಡ ಅಮೃತಶಿಲೆಯ ಸ್ಮಾರಕದ ಮೆಟ್ಟಿಲುಗಳ ಮೇಲೆ, ಅರಮನೆಯ ಕಾವಲುಗಾರರ ಪಾಳಿ ಬದಲಾಗುವುದನ್ನು ನೋಡಲು ಬಂದವರು ಒತ್ತೊತ್ತಾಗಿ ಕುಳಿತಿದ್ದರು. ರಾಣಿಯ ಕಡೆಗೆ ಅವರೆಲ್ಲರದೂ ಬೆನ್ನು.