ಆಟದವರ ಮಾತಿಗೆ ಬೇರೆ ಸರ್ವರ್ ಎಂತಕ್ಕೆ ಅಂತ ಕೇಳುವವರಿಗೆ

ಪ್ರಶ್ನೆ ಯಾವಾಗಲೂ ಒಂದೇ. "ಗೇಮ್ ಆಡುವವರಿಗೆ ಮಾತಾಡ್ಲಿಕ್ಕೆ ಸರ್ವರ್ ಬಾಡಿಗೆಗೆ ಕೊಡ್ತೀರಂತೆ, ನಿಮಗೆ ಇದೆಲ್ಲ ಹೇಗೆ ಹೊಳೆಯಿತು?" ಹೇಳಿ ಹೇಳಿ ಬಾಯಿ ಸೋತಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಹೊಳೆದದ್ದಲ್ಲ. ತಮ್ಮ ಬೈದದ್ದು.

2010ರ ಮಾತು. ಮಂಗಳೂರಿನ ಬಿಜೈಯಲ್ಲಿ ನಮ್ಮದು ಮೂರು ಜನರ ಆಫೀಸು, ಹೋಟೆಲು ಲಾಡ್ಜುಗಳಿಗೆ ವೆಬ್‌ಸೈಟ್ ಮಾಡುವ ಕೆಲಸ. ತಮ್ಮ ಉಡುಪಿಯ ಮನೆಯಲ್ಲಿ ಕೂತು ಕೌಂಟರ್ ಸ್ಟ್ರೈಕ್ ಆಡುತ್ತಿದ್ದ. ತಂಡದ ಉಳಿದ ನಾಲ್ವರು ಮಂಗಳೂರಿನವರು. ಮಾತಾಡಲಿಕ್ಕೆ ಟೀಮ್‌ಸ್ಪೀಕ್ ಅನ್ನುವ ತಂತ್ರಾಂಶ ಇತ್ತು, ಆದರೆ ಎಲ್ಲರ ಮಾತು ಹಾದುಹೋಗುವ ಕಂಪ್ಯೂಟರ್, ಅಂದರೆ ಪರಿಚಯದವರೊಬ್ಬರು ಕೊಟ್ಟಿದ್ದ ಸರ್ವರ್, ಇದ್ದದ್ದು ಜರ್ಮನಿಯಲ್ಲಿ. ಉಡುಪಿಗೂ ಮಂಗಳೂರಿಗೂ ಅಂತರ ಹೆಚ್ಚೆಂದರೆ 60 ಕಿಲೋಮೀಟರ್. ಅಷ್ಟಕ್ಕೆ ಇವರ ಮಾತು ಏಳು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ, ಮತ್ತೆ ಅಷ್ಟೇ ದೂರ ವಾಪಸ್ ಬರಬೇಕಿತ್ತು. "ಹಿಂದೆ ಒಬ್ಬ ಉಂಟು" ಅಂತ ಗೆಳೆಯ ಕೂಗಿದ್ದು ಕಿವಿಗೆ ಬೀಳುವಾಗ ತಮ್ಮ ಆಟದಲ್ಲಿ ಸತ್ತಾಗಿರುತ್ತಿತ್ತು. "ನೀನು ಕಂಪ್ಯೂಟರ್ ಕಂಪನಿ ಇಟ್ಟು ಎಂತ ಪ್ರಯೋಜನ ಅಣ್ಣ?" ಅಂದ. ಆ ಮಾತು ನಾಟಿತು.

ಆಫೀಸಿನ ಮೂಲೆಯಲ್ಲಿದ್ದ ಹಳೆಯ ಪಿಸಿಗೆ ಮಂಬಲ್ ಹಾಕಿದೆ. ಅದೂ ಟೀಮ್‌ಸ್ಪೀಕಿನ ಹಾಗೆ ಮಾತಾಡಲಿಕ್ಕೇ ಇರುವುದು, ಆದರೆ ಮುಕ್ತ ತಂತ್ರಾಂಶ, 2005ರಿಂದ ಇದೆ, ಲೈಸೆನ್ಸಿನ ತಲೆನೋವಿಲ್ಲ. ಐದು ಜನ ಸೇರಿದರು, ಸೊಗಸಾಗಿ ನಡೆಯಿತು. ವಾರದೊಳಗೆ ಅವರ ಗೆಳೆಯರೂ ಬಂದು ಹತ್ತು ಜನ ಆದರು. ಎಲ್ಲರ ಧ್ವನಿಯೂ ತುಂಡು ತುಂಡು. ಕಾರಣ ಹುಡುಕಲು ಕಾಗದ ಪೆನ್ನು ಸಾಕಾಯಿತು. ಇಂಥ ಸರ್ವರ್ ಎಲ್ಲರ ಧ್ವನಿಯನ್ನು ಒಂದಾಗಿ ಕಲಸುವುದಿಲ್ಲ, ಬಂದದ್ದರ ಪ್ರತಿಗಳನ್ನು ಹಂಚುತ್ತದೆ. ಒಬ್ಬ ಮಾತಾಡಿದರೆ ಸುಮಾರು 40 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 40 ಕಿಲೋಬಿಟ್. ಉಳಿದ ಒಂಬತ್ತು ಜನಕ್ಕೆ ಒಂಬತ್ತು ಪ್ರತಿ ಅಂದರೆ 360. ನಮ್ಮ ಆಫೀಸಿನ ಇಂಟರ್ನೆಟ್ ಲೈನಿನಲ್ಲಿ ಹೊರಕ್ಕೆ ಹೋಗುತ್ತಿದ್ದದ್ದೇ 256. ಅದರ ಮೇಲೆ ಕರೆಂಟು ಹೋದರೆ ಯುಪಿಎಸ್ ಇಪ್ಪತ್ತು ನಿಮಿಷ.

ಹಾಗಾಗಿ ಮುಂಬೈಯಲ್ಲಿ ಒಂದು ಸರ್ವರ್ ಬಾಡಿಗೆಗೆ ಹಿಡಿದೆವು. ಆ ಬಾಡಿಗೆ ನಮಗೊಬ್ಬರಿಗೇ ಭಾರ. ಅಷ್ಟರಲ್ಲಿ ಸುರತ್ಕಲ್ಲಿನ ಹಾಸ್ಟೆಲ್ ಹುಡುಗರು ತಮಗೂ ಒಂದು ಬೇಕು ಅಂದರು. ಒಬ್ಬ ಹುಡುಗ ಮಳೆಯಲ್ಲಿ ನೆನೆದುಕೊಂಡು ಬಂದು, ರಬ್ಬರ್ ಬ್ಯಾಂಡ್ ಸುತ್ತಿದ ಹತ್ತರ ಇಪ್ಪತ್ತು ನೋಟು ಮೇಜಿನ ಮೇಲಿಟ್ಟು ರಶೀದಿ ಕೇಳಿದ. "ಮಾತಿನ ಸರ್ವರ್, ಒಂದು ತಿಂಗಳು, ರೂ. 200" ಅಂತ ಬರೆದುಕೊಟ್ಟೆ. ಕಂಪನಿಯ ಈ ಕೆಲಸ ಶುರುವಾದದ್ದು ಆ ರಶೀದಿಯಿಂದ. ಉತ್ತರ ಮುಗಿಯಿತು.

ಆದರೆ ಇಷ್ಟು ಹೇಳಿದ ಮೇಲೂ ಇನ್ನೊಂದು ಬರುತ್ತದೆ. ಉಡುಪಿಯಲ್ಲಿ ಒಂದು ಮದುವೆ ಊಟ, ಪಂಕ್ತಿಯಲ್ಲಿ ಪಕ್ಕಕ್ಕೆ ದೊಡ್ಡಮಾವ. ಹೋಳಿಗೆಗೆ ತುಪ್ಪ ಬೀಳುವಾಗ ಕೇಳಿದರು: "ಅಲ್ಲ ಮಾರಾಯ, ಮಾತಾಡ್ಲಿಕ್ಕೆ ಫೋನಿಲ್ವಾ? ಆಡುವ ಮಕ್ಕಳ ದುಡ್ಡು ತಿನ್ನುವುದಾ?" ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಅಂದು ಸುಮ್ಮನಿದ್ದೆ. ಇವತ್ತು ಹೇಳುತ್ತೇನೆ.

ಮಾವ, ಐದು ಜನ ಮೂರು ಗಂಟೆ ಒಟ್ಟಿಗೆ ಇರುವುದು ಫೋನಿನ ಕೆಲಸವಲ್ಲ. ಇಲ್ಲಿ ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ ಕಳಿಸುತ್ತಾರೆ. ದಾರಿಯಲ್ಲಿ ಒಂದು ಚೂರು ಕಳೆದರೆ ಅದಕ್ಕಾಗಿ ಕಾಯುವುದಿಲ್ಲ, ಮುಂದಿನದಕ್ಕೆ ಹೋಗುತ್ತದೆ, ಯಾಕೆಂದರೆ ತಡವಾಗಿ ಬಂದ ಮಾತಿನಿಂದ ಯಾರಿಗೂ ಉಪಯೋಗ ಇಲ್ಲ. ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ದಾಟದಿರಲಿ ಅಂತ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೇ ಹೇಳಿದೆ. ಆ ಮಕ್ಕಳು ಕೊಟ್ಟದ್ದು ಈ ಕೆಲಸಕ್ಕೆ. ಒಂದು ರೂಪಾಯಿಯೂ ಪುಕ್ಕಟೆ ತಿಂದದ್ದಲ್ಲ.

"ಈಗ ಡಿಸ್ಕಾರ್ಡ್ ಫ್ರೀ ಉಂಟಲ್ಲ" ಅಂತ, ಆಟದವರು ಮಾತಾಡುವ ಆ ಆ್ಯಪ್ ತೋರಿಸುವವರಿಗೂ ಒಂದು ಮಾತು. ಹೌದು, 2015ರಲ್ಲಿ ಬಂತು, ನಮ್ಮ ಗಿರಾಕಿಗಳಲ್ಲಿ ಹೆಚ್ಚಿನವರು ಹೋದರು. ಒಳ್ಳೆಯ ವಸ್ತು, ಹೋದದ್ದು ಸರಿಯೇ. ನನಗೆ ಬೇಸರ ಆದದ್ದು ನಿಜ.

ಹೋಗದವರೂ ಇದ್ದಾರೆ. ಶುರು ಹೇಗಾಯಿತು ಅಂತ ಕೇಳುವ ಬದಲು, ಅಲ್ಲಿ ಎಂತ ಕೇಳಿಸ್ತದೆ ಅಂತ ಒಬ್ಬರಾದರೂ ಕೇಳಬಾರದಾ?

ಏಳು ಜನರ ಒಂದು ಗುಂಪು ಉಂಟು. ಸೈಬರ್ ಕೆಫೆಯಲ್ಲಿ ಒಟ್ಟಿಗೆ ಆಡಿ ಬೆಳೆದವರು. ಈಗ ಇಬ್ಬರು ಕುವೈತ್‌ನಲ್ಲಿ, ಒಬ್ಬ ಮಸ್ಕತ್‌ನಲ್ಲಿ, ಉಳಿದವರು ಊರಲ್ಲಿ. ಆಡುವುದು ಬಿಟ್ಟು ವರ್ಷಗಳಾದವು. ಶುಕ್ರವಾರ ರಾತ್ರಿ ಬಂದು ತುಳುವಿನಲ್ಲಿ ಮಾತಾಡುತ್ತಾರೆ, ಅಷ್ಟೆ. ಒಂದು ಜೂನ್‌ನಲ್ಲಿ ಅವರಲ್ಲೊಬ್ಬ ಮಲ್ಪೆಯಿಂದ ಫೋನ್ ಮಾಡಿದ: "ನಾನು ಮಾತಾಡದಿದ್ದರೂ ನನ್ನ ಮೈಕ್ ಆನ್ ಆಗಿಯೇ ಇರ್ತದೆ, ಸ್ವಲ್ಪ ನೋಡಿ ಅಣ್ಣ." ಒಳಗೆ ಹೋಗಿ ಕೇಳಿದೆ. ಅವನ ಹೆಸರಿನ ಪಕ್ಕದ ದೀಪ ಆರುತ್ತಲೇ ಇಲ್ಲ. ಧ್ವನಿ ಕೇಳಿದಾಗ ಮೈಕ್ ತಾನಾಗಿ ತೆರೆದುಕೊಳ್ಳುವ ಹಾಗೆ ಇಟ್ಟಿದ್ದ, ಶೀಟಿನ ಮಾಡಿನ ಮೇಲೆ ಮಳೆ ಹೊಡೆಯುತ್ತಿತ್ತು, ಮಂಬಲ್ ಅದನ್ನೇ ಮಾತು ಅಂತ ತಿಳಿದು ಎಲ್ಲರಿಗೂ ಹಂಚುತ್ತಿತ್ತು.

ಎಷ್ಟು ಜೋರಿನ ಸದ್ದಿಗೆ ಮೈಕ್ ತೆರೆಯಬೇಕು ಅನ್ನುವ ಮಿತಿಯ ಗೆರೆಯನ್ನು ಸ್ವಲ್ಪ ಮೇಲೆ ಎಳೆದರೆ ನಿಲ್ಲುತ್ತದೆ ಅಂತ ಹೇಳಿಕೊಡುತ್ತಿದ್ದೆ. ಆಗ ಕುವೈತ್‌ನವನು ನಡುವೆ ಬಂದ.

"ಅಣ್ಣ, ಈಗ ಸರಿ ಮಾಡ್ಬೇಡಿ. ಸ್ವಲ್ಪ ಹೊತ್ತು ಹಾಗೇ ಇರ್ಲಿ."

ಯಾರೂ ಮಾತಾಡಲಿಲ್ಲ. ನಾನೂ ಹೊರಗೆ ಬರಲಿಲ್ಲ. ಮಳೆ ಬಿಡುವಾಗ ಹನ್ನೊಂದೂವರೆ ಆಗಿತ್ತು.