ಮೆಗ್ಸ್ ಸಾಹೇಬರ ಊರಿನಲ್ಲಿ ಮಾವನವರ ಜೊತೆ

ವಾಷಿಂಗ್ಟನ್ನಿನ ನ್ಯಾಷನಲ್ ಬಿಲ್ಡಿಂಗ್ ಮ್ಯೂಸಿಯಂ ಒಳಗೆ ಕಾಲಿಟ್ಟವರೆಲ್ಲ ಮೊದಲು ಕತ್ತೆತ್ತಿ ನೋಡುತ್ತಾರೆ. 75 ಅಡಿ ಎತ್ತರದ ಎಂಟು ಕಂಬಗಳು ಛಾವಣಿ ಹೊತ್ತು ನಿಂತಿವೆ. ನಮ್ಮ ಮಾವನವರು ಕತ್ತೆತ್ತಲಿಲ್ಲ. ಸೀದಾ ಹೋಗಿ ಒಂದು ಕಂಬಕ್ಕೆ ಬೆರಳ ಗೆಣ್ಣಿನಿಂದ ಟಕ್ ಟಕ್ ಅಂತ ಬಡಿದರು.

"ಅಮೃತಶಿಲೆ ಅಲ್ಲಮ್ಮಾ ಇದು. ಇಟ್ಟಿಗೆ. ಮೇಲೆ ಗಾರೆ ಮಾಡಿ ಬಣ್ಣ ಹೊಡೆದಿದಾರೆ."

ಅವರು ಹೇಳಿದ್ದು ನಿಜ. ಒಂದೊಂದು ಕಂಬಕ್ಕೂ ಸುಮಾರು 70,000 ಇಟ್ಟಿಗೆ. ಇಡೀ ಕಟ್ಟಡಕ್ಕೆ 1.5 ಕೋಟಿಗೂ ಜಾಸ್ತಿ. ಮಾವ ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ನಿವೃತ್ತಿಯಾದರೂ ಕಟ್ಟಡ ಕಂಡರೆ ಬಡಿದು ನೋಡದೆ ಮುಂದೆ ಹೋಗಲ್ಲ. ವೈಟ್ ಹೌಸ್, ಲಿಂಕನ್ ಸ್ಮಾರಕ, ವಿಮಾನಗಳ ಮ್ಯೂಸಿಯಂ ಎಲ್ಲ ತೋರಿಸಿದ್ದೆವು. "ಚೆನ್ನಾಗಿದೆ" ಅಂತ ಹೇಳಿ ಸುಮ್ಮನಾಗಿದ್ದರು. ಇಲ್ಲಿ ಮಾತ್ರ, "ಯಾರು ಕಟ್ಟಿಸಿದ್ದು?" ಅಂತ ಕೇಳಿದರು. ಆ ಒಂದು ಪ್ರಶ್ನೆಯಿಂದ ನಮ್ಮ ಪ್ರವಾಸದ ದಾರಿಯೇ ಬದಲಾಯಿತು.

ಕಟ್ಟಿಸಿದವರು ಮಾಂಟ್ಗೊಮರಿ ಮೆಗ್ಸ್. ಹುಟ್ಟಿದ್ದು 1816ರಲ್ಲಿ, ಜಾರ್ಜಿಯಾದ ಅಗಸ್ಟಾದಲ್ಲಿ. 1836ರಲ್ಲಿ ವೆಸ್ಟ್ ಪಾಯಿಂಟ್ ಮಿಲಿಟರಿ ಶಾಲೆಯಿಂದ ಪಾಸಾಗಿ ಸೇನೆಯ ಇಂಜಿನಿಯರ್ ಆದರು. ಈ ಊರಿಗೆ ಪೊಟೊಮ್ಯಾಕ್ ನದಿಯ ನೀರು ತಂದವರು ಅವರೇ. ಕ್ಯಾಪಿಟಲ್, ಅಂದರೆ ಅಮೆರಿಕದ ಸಂಸತ್ ಭವನದ ವಿಸ್ತರಣೆಯ ಕೆಲಸವನ್ನೂ ವರ್ಷಗಟ್ಟಲೆ ನೋಡಿಕೊಂಡರು. ಅದರ ಗುಮ್ಮಟದ ನಕ್ಷೆ ಮಾಡಿದ ಥಾಮಸ್ ವಾಲ್ಟರ್ ಜೊತೆ ಜಗಳವಾಡಿಕೊಂಡೇ ಕೆಲಸ ಮಾಡಿಸಿದರು. ಯುದ್ಧ ಮಂತ್ರಿ ಜಾನ್ ಫ್ಲಾಯ್ಡ್ ಜೊತೆಗೂ ಆಗಲಿಲ್ಲ. 1860ರಲ್ಲಿ ಎತ್ತಂಗಡಿ. ಎಲ್ಲಿಗೆ ಅಂತೀರಿ? ಫ್ಲಾರಿಡಾದ ತುದಿಯಲ್ಲಿ, ಸಮುದ್ರದ ನಡುವೆ ಇರುವ ಡ್ರೈ ಟಾರ್ಟುಗಾಸ್ ದ್ವೀಪಕ್ಕೆ.

"ಹಾಗಾದರೆ ಒಳ್ಳೆ ಇಂಜಿನಿಯರ್ರೇ" ಎಂದರು ಮಾವ.

1861ರಲ್ಲಿ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದಾಗ ಉತ್ತರದ ಲಿಂಕನ್ ಸರ್ಕಾರ ಅವರನ್ನು ಕ್ವಾರ್ಟರ್‌ಮಾಸ್ಟರ್ ಜನರಲ್ ಮಾಡಿತು. ಅಂದರೆ ಸೈನಿಕರ ಬಟ್ಟೆ, ಬೂಟು, ಡೇರೆಯಿಂದ ಹಿಡಿದು ಕುದುರೆ, ಗಾಡಿ, ದೋಣಿಯವರೆಗೆ ಎಲ್ಲ ಒದಗಿಸುವ ಕೆಲಸ. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 150 ಕೋಟಿ ಡಾಲರ್ ಅವರ ಇಲಾಖೆಯ ಕೈ ದಾಟಿ ಹೋಗಿತ್ತು. ಅಷ್ಟು ಹಣ ಮುಟ್ಟಿದರೂ ಪ್ರಾಮಾಣಿಕ ಅನ್ನುವ ಹೆಸರು ಉಳಿಸಿಕೊಂಡರು.

1882ರಲ್ಲಿ ನಿವೃತ್ತಿ. ಆಮೇಲೆ ಕೈಹಾಕಿದ್ದು ಈ ಕಟ್ಟಡಕ್ಕೆ. ಯುದ್ಧದಲ್ಲಿ ಗಾಯಗೊಂಡವರಿಗೆ, ಸತ್ತವರ ಹೆಂಡಿರುಮಕ್ಕಳಿಗೆ ಪಿಂಚಣಿ ಕೊಡುವ ಕಚೇರಿ ಆಗ ಇಲ್ಲಿತ್ತು. ಮೆಟ್ಟಿಲು ಹತ್ತುವಾಗ ಮಾವ ನಿಂತು ನಿಂತು ನೋಡಿದರು. ಅಗಲ ಜಾಸ್ತಿ, ಎತ್ತರ ಬಹಳ ಕಡಿಮೆ. ಕಾಲು ಕಳೆದುಕೊಂಡ ಸೈನಿಕರೂ ಹತ್ತಲಿ ಅಂತ ಹಾಗೆ ಮಾಡಿದ್ದಂತೆ. ಮಂಡಿನೋವಿನ ನಮ್ಮ ಮಾವ ಎಲ್ಲೂ ಕೂರದೆ ಮೇಲಿನವರೆಗೆ ಹತ್ತಿದರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ?

ಹೊರಗೆ ಕಟ್ಟಡದ ಸುತ್ತ 1,200 ಅಡಿ ಉದ್ದಕ್ಕೆ ಸುಟ್ಟ ಮಣ್ಣಿನ ಉಬ್ಬುಶಿಲ್ಪದ ಪಟ್ಟಿ ಇದೆ. ಮಾಡಿದವರು ಕ್ಯಾಸ್ಪರ್ ಬ್ಯೂಬರ್ಲ್. ಕಾಲಾಳು, ಕುದುರೆ ಸವಾರರು, ಫಿರಂಗಿ, ನಾವಿಕರು, ಗಾಯಾಳುಗಳು ಹೀಗೆ ಮೆರವಣಿಗೆ ಸಾಗುತ್ತಲೇ ಇರುತ್ತದೆ. ಪಶ್ಚಿಮದ ಬಾಗಿಲ ಮೇಲೆ ಸಾಮಾನು ಗಾಡಿ ಹೊಡೆಯುವ ಒಬ್ಬ ಕರಿಯ ಇದ್ದಾನೆ. ಗಾಡಿ ಹೊಡೆಯುವವನು ಯುದ್ಧದಿಂದಾಗಿ ಬಿಡುಗಡೆಯಾದ ಗುಲಾಮನೇ ಆಗಿರಬೇಕು ಅಂತ ಮೆಗ್ಸ್ ಹಟ ಹಿಡಿದಿದ್ದರು. ನನಗೆ ಒಳಗಿನ ಆ ಬಣ್ಣದ ಕಂಬಗಳಿಗಿಂತ ಇದೇ ಇಷ್ಟವಾಯಿತು. ಕಂಬಗಳು ನಿಜ ಹೇಳಬೇಕೆಂದರೆ ಸ್ವಲ್ಪ ಮದುವೆ ಮಂಟಪ. ಆಗಿನ ಜನಕ್ಕೂ ಈ ಕಟ್ಟಡ ಹಿಡಿಸಿರಲಿಲ್ಲ. ಬೆಂಕಿ ಬಿದ್ದರೂ ಸುಡದ ಹಾಗೆ ಕಟ್ಟಿದ್ದಾರಲ್ಲ, ಅದೇ ಬೇಜಾರು ಅಂತ ಒಬ್ಬ ಜನರಲ್ ಹೇಳಿದ್ದನಂತೆ. ಶೆರಿಡನ್ ಅಂತ ಕೆಲವರು, ಶೆರ್ಮನ್ ಅಂತ ಕೆಲವರು.

ಮಾರನೆಯ ದಿನ ಸೈನಿಕರ ಆರ್ಲಿಂಗ್ಟನ್ ಸ್ಮಶಾನ. ಇಲ್ಲಿ ಒಂದು ಮಾತು ಹೇಳಲೇಬೇಕು, ಇನ್ನೂ ಹೊಟ್ಟೆ ಉರಿಯುತ್ತದೆ. ಊರು ತೋರಿಸುವ ಒಂದು ವ್ಯಾನಿಗೆ ತಲೆಗೆ ಇಷ್ಟು ಅಂತ ಕೊಟ್ಟು ಹತ್ತಿದ್ದೆವು. ಮೆಗ್ಸ್ ಸಮಾಧಿ ತೋರಿಸುತ್ತೀರಾ ಅಂತ ಮೊದಲೇ ಕೇಳಿದ್ದೆ. "ಖಂಡಿತ" ಅಂದಿದ್ದ ಗೈಡು ಗೇಟಿನ ಹತ್ತಿರ ಬಂದ ಮೇಲೆ, "ಅದು ನಮ್ಮ ಲಿಸ್ಟಲ್ಲಿಲ್ಲ" ಎಂದ. ದುಡ್ಡು ವಾಪಸ್ ಇಲ್ಲ. ಬೇಸಿಗೆಯ ಬಿಸಿಲಲ್ಲಿ ಆ ಗುಡ್ಡ ನಡೆದೇ ಹತ್ತಿದೆವು. ನೀವು ಹೋಗುವುದಾದರೆ ವ್ಯಾನು ಸೆಕ್ಷನ್ 1ರ ಹತ್ತಿರ ನಿಲ್ಲಿಸುತ್ತದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಒಳ್ಳೆಯ ಚಪ್ಪಲಿ, ಕೈಯಲ್ಲಿ ನೀರು ಇರಲಿ. ಚಿತ್ರಾನ್ನದ ಡಬ್ಬಿ ತಗೊಂಡು ಹೋಗಬೇಡಿ, ಒಳಗೆ ತಿನ್ನೋ ಹಾಗಿಲ್ಲ.

ಅದೇ ಗೈಡು ದಾರಿಯಲ್ಲಿ ಒಂದು ಕಥೆ ಹೇಳಿದ್ದ. ಈ ಗುಡ್ಡದ ಮೇಲಿನ ಮನೆ ದಕ್ಷಿಣದವರ ಸೇನಾಪತಿ ರಾಬರ್ಟ್ ಲೀ ಅವರ ಹೆಂಡತಿ ಮೇರಿಯದು. ಯುದ್ಧದಲ್ಲಿ ಮೆಗ್ಸ್ ಮಗ ಸತ್ತ. ಆ ಸಿಟ್ಟಿಗೆ ಮೆಗ್ಸ್ ಲೀ ಅವರ ಹಿತ್ತಲಲ್ಲಿ ಸೈನಿಕರ ಹೆಣ ಹೂಳಿಸಿದ. ಕೇಳುವುದಕ್ಕೆ ಸಿನಿಮಾ ಥರ ಇದೆ, ಅಲ್ವಾ?

ಮೇಲೆ ಹೋಗಿ ನೋಡಿದರೆ ಮೆಗ್ಸ್ ಸಮಾಧಿ ದೊಡ್ಡದು, ಅಂತಸ್ತಿಗೆ ತಕ್ಕದ್ದು. ಸೈನಿಕ, ಇಂಜಿನಿಯರ್, ವಾಸ್ತುಶಿಲ್ಪಿ, ವಿಜ್ಞಾನಿ, ದೇಶಭಕ್ತ ಅಂತ ಬಿರುದುಗಳ ಸಾಲು. ಅದರ ಪಕ್ಕದಲ್ಲೇ ಒಂದು ಕಂಚಿನ ಮೂರ್ತಿ. ಆಳೆತ್ತರಕ್ಕಿಂತ ಎಷ್ಟೋ ಚಿಕ್ಕದು. ಸಮವಸ್ತ್ರ ತೊಟ್ಟ ಹುಡುಗ ಅಂಗಾತ ಬಿದ್ದಿದ್ದಾನೆ. ಪಕ್ಕದಲ್ಲಿ ರಿವಾಲ್ವರ್. ಸುತ್ತ ಕೆಸರಲ್ಲಿ ಕುದುರೆ ಗೊರಸಿನ ಗುರುತು. ಮಗ ಜಾನ್ ರಾಡ್ಜರ್ಸ್ ಮೆಗ್ಸ್. 1863ರಲ್ಲಿ ವೆಸ್ಟ್ ಪಾಯಿಂಟಲ್ಲಿ ತನ್ನ ತರಗತಿಗೇ ಮೊದಲು ಬಂದವನು, ಅಪ್ಪನ ಹಾಗೇ ಇಂಜಿನಿಯರ್. ವರ್ಜೀನಿಯಾದ ಡೇಟನ್ ಊರಿನ ಹತ್ತಿರ ಗುಂಡು ತಗುಲಿ ಸತ್ತಾಗ 22 ವರ್ಷ.

ಅವನ ಸಾವಿಗೆ ಪ್ರತಿಯಾಗಿ ಸುತ್ತ ಐದು ಮೈಲಿಯ ಮನೆಗಳನ್ನು ಸುಡಲು ಉತ್ತರದ ಜನರಲ್ ಶೆರಿಡನ್ ಆಜ್ಞೆ ಮಾಡಿದ್ದ. ಡೇಟನ್ ಊರು ಉಳಿಯಿತು, ಸುತ್ತಲಿನ ಮನೆಗಳು ಉರಿದವು. ಎದುರುಬದುರಿನ ಕಾಳಗದಲ್ಲಿ ಸತ್ತದ್ದಲ್ಲ, ಕೊಲೆ ಅಂತಲೇ ಅಪ್ಪ ಕೊನೆತನಕ ನಂಬಿದ್ದರು. ಬಿದ್ದ ಜಾಗ ಹೇಗಿತ್ತೋ ಹಾಗೇ, ಕೆಸರು ಗೊರಸು ಸಮೇತ ಕಂಚಿನಲ್ಲಿ ಎರಕ ಹೊಯ್ಯಿಸಿದ್ದಾರೆ.

ಮಾವ ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ, "ಹುಡುಗ ತೀರಿಕೊಂಡದ್ದು ಯಾವಾಗಮ್ಮಾ?" ಎಂದರು.

ಫೋನ್ ನೋಡಿ ಹೇಳಿದೆ. "1864 ಅಕ್ಟೋಬರ್ 3."

"ಇಲ್ಲಿ ಮೊದಲ ಹೆಣ ಹೂಳಿದ್ದು?"

"1864 ಮೇ 13. ಜೂನ್ ಹೊತ್ತಿಗೆ ಇದು ರಾಷ್ಟ್ರೀಯ ಸ್ಮಶಾನ ಅಂತ ಆದೇಶ ಆಗಿದೆ."

"ನೋಡು ಮತ್ತೆ. ಗೈಡು ತಲೆ ಮೇಲೆ ಕಾಲು ಮಾಡಿದಾನೆ. ಕೆಲಸ ಮೇನಲ್ಲಿ ಶುರು, ಕಾರಣ ಅಕ್ಟೋಬರಲ್ಲಿ. ನಮ್ಮ ಎಂ.ಬಿ., ಅಂದರೆ ಕಾಮಗಾರಿ ಅಳತೆ ಪುಸ್ತಕದಲ್ಲಿ ಹೀಗೆ ಬರೆದಿದ್ದರೆ ಬಿಲ್ಲು ಪಾಸಾಗ್ತಿರಲಿಲ್ಲ."

"ಆದರೆ ಮಾವ, ಲೀ ಮನೆಯ ಗುಲಾಬಿ ತೋಟದ ಅಂಚಿಗೇ ಹೂಳಿಸಿದಾರಲ್ಲ. ಅಷ್ಟು ಜಾಗ ಇರುವಾಗ ಅಲ್ಲೇ ಯಾಕೆ?"

"ಅದೂ ಹುಡುಗ ಇದ್ದಾಗಲೇ ಶುರು ಅಂತ ಇದೆಯಲ್ಲ. ಸಿಟ್ಟು ಮೊದಲೇ ಇತ್ತಮ್ಮಾ. ಲೀ ಇವರಿಗೆ ಗೊತ್ತಿದ್ದವನು ತಾನೇ?"

ಗೊತ್ತಿದ್ದವನೇ. 1837ರಲ್ಲಿ ಸೇಂಟ್ ಲೂಯಿಸ್ ಹತ್ತಿರ ಮಿಸಿಸಿಪ್ಪಿ ನದಿಯ ಸರ್ವೆಯಲ್ಲಿ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದ್ದರು. ಲೀ ಮೇಲಿನವರು, ಮೆಗ್ಸ್ ಇಪ್ಪತ್ತೊಂದರ ಹುಡುಗ. ಅದನ್ನು ಹೇಳಿದೆ.

"ಅಷ್ಟೇ ಮತ್ತೆ. ಒಟ್ಟಿಗೆ ಸರಪಳಿ ಹಿಡಿದು ನದಿ ಅಳೆದವನು ಆ ಕಡೆ ಹೋದ. ಗುರುತಿಲ್ಲದವನ ಮೇಲೆ ಅಷ್ಟು ಸಿಟ್ಟು ಬರಲ್ಲ." ಸ್ವಲ್ಪ ಹೊತ್ತು ಬಿಟ್ಟು, "ಮಗ ಹೋದ ಮೇಲೆ ಏನು ಮಾಡಿದ ಅಂತ ಹುಡುಕು" ಎಂದರು.

ಹುಡುಕುವ ಕಷ್ಟವೇ ಇರಲಿಲ್ಲ. ತೋಟದ ಪಕ್ಕದಲ್ಲೇ ಒಂದು ದೊಡ್ಡ ಕಲ್ಲಿನ ಪೆಟ್ಟಿಗೆ ಇದೆ. ಹೆಸರು ಪತ್ತೆಯಾಗದ 2,111 ಸೈನಿಕರ ಅಸ್ಥಿ ಯುದ್ಧಭೂಮಿಗಳಿಂದ ಆಯ್ದು ತಂದು 1866ರಲ್ಲಿ ಅದರ ಕೆಳಗೆ ಇಡಿಸಿದ್ದೂ ಮೆಗ್ಸ್ ಅವರೇ. ಲೀ ಸಂಸಾರ ಮತ್ತೆ ಈ ಮನೆಗೆ ಬಂದು ನೆಲೆಸಲಿಲ್ಲ. ಅವರ ಮಗ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1882ರಲ್ಲಿ ಗೆದ್ದ. ಮುಂದಿನ ವರ್ಷ 1,50,000 ಡಾಲರಿಗೆ ಸರ್ಕಾರಕ್ಕೇ ಮಾರಿದ. ಹಿತ್ತಲ ತುಂಬ ಸಮಾಧಿ ಇರುವ ಮನೆಯಲ್ಲಿ ಯಾರು ಒಲೆ ಹಚ್ಚುತ್ತಾರೆ?

ಕೊನೆಗೆ, ನದಿಯ ನೀರು ಊರಿಗೆ ತರಲು ಮೆಗ್ಸ್ ಕಟ್ಟಿಸಿದ ಕ್ಯಾಬಿನ್ ಜಾನ್ ಸೇತುವೆ. ಮಾವನ ಮುಖ ಅರಳಿದ್ದು ಇಲ್ಲಿ. ಕಲ್ಲಿನ ಒಂದೇ ಕಮಾನು, 220 ಅಡಿ ಹಾರುತ್ತದೆ. ಸುಮಾರು 40 ವರ್ಷ ಜಗತ್ತಿನಲ್ಲಿ ಇಷ್ಟು ಉದ್ದದ ಕಲ್ಲಿನ ಕಮಾನು ಬೇರೆ ಇರಲಿಲ್ಲ. ಮೇಲೆ ಒಂದೇ ಸಾಲು ರಸ್ತೆ, ಸಿಗ್ನಲ್ ಬಿಟ್ಟಾಗ ಒಂದು ಕಡೆಯ ಕಾರು ಮಾತ್ರ ಹೋಗಬೇಕು. ರಸ್ತೆಯ ಕೆಳಗೆ, ಸೇತುವೆಯ ಹೊಟ್ಟೆಯೊಳಗೆ ಒಂಬತ್ತು ಅಡಿ ವ್ಯಾಸದ ಕೊಳವೆಯಲ್ಲಿ ಇವತ್ತಿಗೂ ವಾಷಿಂಗ್ಟನ್ನಿನ ಕುಡಿಯುವ ನೀರು ಹರಿಯುತ್ತದೆ. "ಪಂಪಿಲ್ಲ, ಬರೀ ಇಳಿಜಾರು" ಅಂತ ಮಾವ ಮೂರು ಸಲ ಹೇಳಿದರು. ಹೆಸರಘಟ್ಟದಿಂದ ನೀರು ತಂದ ಇಟ್ಟಿಗೆ ಕಾಲುವೆಯ ಕಥೆಯೂ ಬಂತು. ಅದನ್ನು ಇಲ್ಲಿ ಬರೆಯಲ್ಲ, ಅವರು ಬರೆಯಲಿ.

ಸೇತುವೆಯ ಗೋಡೆಯ ಮೇಲೆ ಮೆಗ್ಸ್ ತಮ್ಮ ಹೆಸರು ಕೆತ್ತಿಸಿಕೊಂಡಿದ್ದಾರೆ. ಇದು ಅವರ ಚಾಳಿ. ಕಮಾನಿನ ಲೆಕ್ಕ ಹಾಕಿದ ಆಲ್ಫ್ರೆಡ್ ರೈವ್ಸ್ ಹೆಸರು ಮಾತ್ರ ಇಲ್ಲ, ಆತ ದಕ್ಷಿಣದ ಕಡೆ ಹೋಗಿಬಿಟ್ಟಿದ್ದ. ಕೆಲಸ ಶುರುವಾದಾಗ ಯುದ್ಧ ಮಂತ್ರಿಯಾಗಿದ್ದ ಜೆಫರ್ಸನ್ ಡೇವಿಸ್ ಹೆಸರೂ ಇತ್ತು. ಆತ ದಕ್ಷಿಣದವರ ಅಧ್ಯಕ್ಷನಾದ ಮೇಲೆ 1862ರಲ್ಲಿ ಅದನ್ನು ಉಳಿಯಲ್ಲಿ ಕೆತ್ತಿ ಅಳಿಸಿದರು. ಥಿಯೋಡರ್ ರೂಸ್‌ವೆಲ್ಟ್ ಕಾಲದಲ್ಲಿ ಅದೇ ಜಾಗದಲ್ಲಿ ಮತ್ತೆ ಕೆತ್ತಿಸಿದರು.

"ಅಳಿಸೋಕೂ ಒಂದು ಎಸ್ಟಿಮೇಟ್, ಮತ್ತೆ ಬರೆಯೋಕೂ ಒಂದು ಎಸ್ಟಿಮೇಟ್" ಎಂದು ಮಾವ ನಕ್ಕರು. "ಎಲ್ಲಾ ಊರಲ್ಲೂ ಇದೇ."

ಮೇಲಿನಿಂದ ಕಮಾನು ಏನೇನೂ ಕಾಣಲ್ಲ, ಬರೀ ರಸ್ತೆ. ಕಾಣಬೇಕೆಂದರೆ ಕೆಳಗೆ ಹಳ್ಳದ ಕಡೆ ಇಳಿಯಬೇಕು. ಬೇಸಿಗೆಯಲ್ಲಿ ಮರಗಳು ಅರ್ಧ ಮುಚ್ಚುತ್ತವೆ. ಮಾವನ ಲೆಕ್ಕದಲ್ಲಿ ನವೆಂಬರ್ ದಾಟಿ, ಎಲೆ ಉದುರಿದ ಮೇಲೆ ಹೋಗಬೇಕು. ಮುಂದಿನ ಸಲದ ಟಿಕೆಟ್ ಚಳಿಗಾಲಕ್ಕೇ ಮಾಡಿ ಅಂತ ಮಗನಿಗೆ ಆಗಲೇ ಹೇಳಿಬಿಟ್ಟಿದ್ದಾರೆ. ಅತ್ತೆಗೆ ಇನ್ನೂ ಗೊತ್ತಿಲ್ಲ.